ಗಣಕಜಾಲದ ಸಂಚಾರಿ ದೂತರು

(ಬಾನುಲಿ ಭಾಷಣ)

ಬ್ಯಾಂಕಿನಲ್ಲೋ ನಾಡಕಚೇರಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ‘ಸರ್ವರ್ ಡೌನ್ ಆಗಿದೆ, ನಾಳೆ ಬನ್ನಿ’ ಎಂಬ ಮಾತನ್ನು ಕೇಳದವರು ಇಂದು ವಿರಳ. ಆ ಮಾತನ್ನು ಆಡಿದ ಗುಮಾಸ್ತರಿಗಾಗಲಿ, ಕೇಳಿ ಹಿಂದಿರುಗಿದ ರೈತನಿಗಾಗಲಿ, ನಿಂತುಹೋದದ್ದು ಯಾವುದು, ಎಲ್ಲಿ ನಿಂತಿತು, ಏಕೆ ನಿಂತಿತು ಎಂಬುದು ತಿಳಿಯದು. ಎಷ್ಟೋ ವೇಳೆ ಸರ್ವರ್ ಎಂಬ ಯಂತ್ರ ಆರೋಗ್ಯವಾಗಿಯೇ ಇರುತ್ತದೆ; ಅದಕ್ಕೂ ಈ ಕಚೇರಿಗೂ ನಡುವೆ ಇರುವ ಹಾದಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚಿರುತ್ತದೆ. ಆ ಕೊಂಡಿಯನ್ನು ಹುಡುಕುವವರು ಯಾರು? ಹೇಗೆ ಹುಡುಕುತ್ತಾರೆ? ಗಣಕಜಾಲಗಳ ಮೇಲ್ವಿಚಾರಣೆಯ ಶಾಸ್ತ್ರವನ್ನು ಕೆಲವು ಕಾಲ ಓದುತ್ತ, ಓದಿಸುತ್ತ ಬಂದವನಾಗಿ ನಾನು ಇಂದು ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದೇನೆ. ಅದರಲ್ಲಿಯೂ ಜಾಲದೊಳಗೆ ತಾವೇ ಯಂತ್ರದಿಂದ ಯಂತ್ರಕ್ಕೆ ನಡೆದುಹೋಗಿ ಕಾವಲು ಕಾಯುವ ಒಂದು ವಿಚಿತ್ರ ಬಗೆಯ ಕ್ರಮವಿಧಿಗಳ ಕಥೆಯನ್ನು ಹೇಳಬೇಕೆಂದಿದ್ದೇನೆ. ಇಂಗ್ಲಿಷಿನಲ್ಲಿ ಅವಕ್ಕೆ ‘ಮೊಬೈಲ್ ಏಜೆಂಟ್’ ಎಂದು ಹೆಸರು. ಏಜೆಂಟ್ ಎಂದೊಡನೆ ನಮಗೆ ಜೀವವಿಮೆಯವರು ನೆನಪಾಗುವುದರಿಂದ ನಾನು ‘ಸಂಚಾರಿ ದೂತ’ ಎನ್ನುತ್ತೇನೆ.

ನಮ್ಮ ಹಳ್ಳಿಗಳ ನೀರುಗಂಟಿಯನ್ನು ಬಲ್ಲವರಿಗೆ ಈ ವಿಷಯ ಅರ್ಧ ತಿಳಿದಂತೆಯೇ ಸರಿ. ಕೆರೆಯ ನೀರನ್ನು ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ಹಂಚುವುದು ಅವನ ಹೊಣೆ. ಅವನು ಈ ಕೆಲಸವನ್ನು ಎರಡು ರೀತಿಯಲ್ಲಿ ಮಾಡಬಹುದಾಗಿತ್ತು. ಏರಿಯ ಮೇಲೆ ಕುಳಿತು, ಗಳಿಗೆಗೊಮ್ಮೆ ಪ್ರತಿಯೊಂದು ಗದ್ದೆಗೂ ಒಬ್ಬ ಹುಡುಗನನ್ನು ಅಟ್ಟಿ ‘ನೀರು ಎಷ್ಟು ನಿಂತಿದೆ ಕೇಳಿ ಬಾ’ ಎನ್ನುವುದು ಒಂದು ರೀತಿ. ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು ಕಾಲುವೆಯ ಗುಂಟ ತಾನೇ ನಡೆದು, ಕಂಡ ಬಿರುಕನ್ನು ಅಲ್ಲೇ ಮುಚ್ಚಿ, ಕಟ್ಟಿದ ಬಾಯನ್ನು ಅಲ್ಲೇ ಬಿಡಿಸಿ, ಸಂಜೆ ಊರಿಗೆ ಬಂದು ಹೇಳಬೇಕಾದ ನಾಲ್ಕು ಮಾತನ್ನು ಮಾತ್ರ ಹೇಳುವುದು ಇನ್ನೊಂದು ರೀತಿ. ನೀರುಗಂಟಿ ಎಂದೂ ಮೊದಲನೆಯದನ್ನು ಮಾಡಲಿಲ್ಲ. ಗಣಕಜಾಲಗಳಾದರೋ ಬಹುಮಟ್ಟಿಗೆ ಮೊದಲನೆಯ ರೀತಿಯನ್ನೇ ಹಿಡಿದವು.

ಆ ರೀತಿ ಯಾವುದೆಂದು ಮೊದಲು ನೋಡೋಣ. 1988ರಲ್ಲಿ ಜಾಲಗಳ ಉಸ್ತುವಾರಿಗಾಗಿ ಒಂದು ಸರಳ ಒಡಂಬಡಿಕೆಯನ್ನು ಅಮೆರಿಕದಲ್ಲಿ ರೂಪಿಸಿದರು. 1990ರಲ್ಲಿ ಅದು ಸ್ಥಿರರೂಪಕ್ಕೆ ಬಂದಿತು. ಎಸ್‌ಎನ್‌ಎಂಪಿ ಎಂದು ಅದರ ಹೆಸರು. ಅದರಲ್ಲಿರುವ ‘ಎಸ್’ ಎಂಬುದಕ್ಕೆ ‘ಸರಳ’ ಎಂದೇ ಅರ್ಥ. ಜಾಲದ ಪ್ರತಿಯೊಂದು ಸಾಧನದಲ್ಲಿಯೂ ಎಣಿಕೆಯ ಕೆಲವು ಖಾನೆಗಳಿರುತ್ತವೆ. ಈ ಬಾಗಿಲಿನಿಂದ ಎಷ್ಟು ಅಕ್ಷರ ಒಳಗೆ ಬಂದವು, ಎಷ್ಟು ಹೊರಗೆ ಹೋದವು, ಎಷ್ಟು ಕೆಟ್ಟುಬಿದ್ದವು ಎಂಬ ಲೆಕ್ಕ ಅಲ್ಲಿ ಏರುತ್ತ ಹೋಗುತ್ತದೆ. ದೂರದಲ್ಲಿ ಕುಳಿತ ಒಂದು ಮುಖ್ಯ ಗಣಕ ಸರದಿಯಂತೆ ಪ್ರತಿಯೊಂದು ಸಾಧನವನ್ನೂ ‘ನಿನ್ನ ಲೆಕ್ಕವೆಷ್ಟು?’ ಎಂದು ಕೇಳುತ್ತದೆ. ಸಾಧನ ಅಂಕಿಯನ್ನು ಒಪ್ಪಿಸುತ್ತದೆ. ಬುದ್ಧಿಯೆಲ್ಲ ಕೇಂದ್ರದಲ್ಲಿ; ಸಾಧನಕ್ಕೆ ಕೇಳಿದ್ದಕ್ಕೆ ಉತ್ತರ ಹೇಳುವುದಷ್ಟೇ ಕೆಲಸ. ತೀರ ಅವಸರದ ಸಂಗತಿಯಾದರೆ ಸಾಧನವೇ ಒಂದು ಕೂಗು ಹಾಕುವ ಅವಕಾಶವೂ ಉಂಟು.

ಈ ವ್ಯವಸ್ಥೆಯ ಸರಳತೆ ಮೆಚ್ಚತಕ್ಕದ್ದೇ. ಆದರೆ ಜಾಲ ಬೆಳೆದಂತೆ ಅದರ ತೊಡಕು ಗೋಚರವಾಗುತ್ತದೆ. ಸಾವಿರ ಸಾಧನಗಳ ಜಾಲವೊಂದನ್ನು ಊಹಿಸಿಕೊಳ್ಳಿ. ಪ್ರತಿಯೊಂದಕ್ಕೂ ಐವತ್ತು ಪ್ರಶ್ನೆ, 5 ನಿಮಿಷಕ್ಕೊಮ್ಮೆ. ಒಂದು ಪ್ರಶ್ನೆಗೆ ಒಂದು ಓಲೆ ಎಂದು ಹಿಡಿದರೆ ಪ್ರಶ್ನೋತ್ತರಗಳೆರಡೂ ಸೇರಿ 5 ನಿಮಿಷಕ್ಕೆ 1,00,000 ಓಲೆಗಳು. ಅವುಗಳಲ್ಲಿ ಬಹುಪಾಲು ಉತ್ತರಗಳ ತಾತ್ಪರ್ಯ ‘ಉಭಯ ಕುಶಲೋಪರಿ’ ಎಂಬುದಷ್ಟೇ. ಹಾಗೆಂದು ಅಂತರವನ್ನು ಹೆಚ್ಚಿಸುವಂತೆಯೂ ಇಲ್ಲ. ಹಳೆಯ ಎಣಿಕೆಯ ಖಾನೆ 32 ಅಂಕದ್ದು; 429 ಕೋಟಿಗೆ ಬಂದೊಡನೆ ಮೈಲಿಯೆಣಿಕೆಯ ಮುಳ್ಳಿನಂತೆ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. ಸೆಕೆಂಡಿಗೆ 10 ಮೆಗಾಬಿಟ್ ಸಾಗುವ ತಂತಿಯಲ್ಲಿ ಅದು ತುಂಬಿ ತಿರುಗಲು ಸುಮಾರು 57 ನಿಮಿಷ ಬೇಕು. 100 ಮೆಗಾಬಿಟ್ಟಿನದರಲ್ಲಿ ಆರು ನಿಮಿಷವೂ ಬೇಡ. ಸಾವಿರದ್ದರಲ್ಲಿ 34 ಸೆಕೆಂಡು ಸಾಕು. ಅಷ್ಟರೊಳಗೆ ಮತ್ತೆ ಹೋಗಿ ಕೇಳದಿದ್ದರೆ ಲೆಕ್ಕವೇ ಸುಳ್ಳಾಗುತ್ತದೆ. ಮುಂದೆ 64 ಅಂಕದ ಖಾನೆಗಳು ಬಂದು ಈ ಕಷ್ಟ ನೀಗಿತು; ಆದರೆ ದೂರದಿಂದ ವಿಚಾರಿಸುವ ಪದ್ಧತಿಯ ಮೂಲದೋಷ ಹೇಗೂ ಉಳಿಯಿತು.

ದೂರ ಹೆಚ್ಚಿದಲ್ಲಿ ಈ ದೋಷ ಇನ್ನೂ ಸ್ಪಷ್ಟ. ಭೂಸ್ಥಿರ ಉಪಗ್ರಹ ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಲ್ಲಿದೆ. ಅದರ ಮೂಲಕ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಬೆಳಕಿನ ವೇಗದಲ್ಲಿಯೂ ಸುಮಾರು ಅರ್ಧ ಸೆಕೆಂಡು ತಗಲುತ್ತದೆ. ಒಂದರ ಉತ್ತರವನ್ನು ನೋಡಿಯೇ ಇನ್ನೊಂದನ್ನು ಕೇಳಬೇಕಾದ ಸಾವಿರ ಪ್ರಶ್ನೆಗಳಿದ್ದರೆ, ಕೇವಲ ಹಾದಿಯಲ್ಲಿ ಎಂಟು ನಿಮಿಷಕ್ಕೂ ಮಿಕ್ಕಿ ಕಳೆದುಹೋಗುತ್ತದೆ. ಇನ್ನೂ ದೊಡ್ಡ ತೊಡಕು ಬೇರೆ ಇದೆ. ಕೊಂಡಿ ಕಳಚಿದ ಗಳಿಗೆಯಲ್ಲಿಯೇ ಕೇಂದ್ರ ಕುರುಡಾಗುತ್ತದೆ. ಅಂದರೆ ಕಣ್ಣು ಬೇಕಾದ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚುತ್ತದೆ.

1991ರ ವೇಳೆಗೆ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಯೆಖಿಯಾಮ್ ಯೆಮಿನಿ, ಗೋಲ್ಡ್‌ಸ್ಮಿಟ್ ಮೊದಲಾದವರು ಈ ಕ್ರಮವನ್ನು ತಿರುಗಿಸಿ ಹಾಕಿದರು. ಅಂಕಿಗಳನ್ನು ಬುದ್ಧಿಯ ಬಳಿಗೆ ಎಳೆದು ತರುವುದರ ಬದಲು ಬುದ್ಧಿಯನ್ನೇ ಅಂಕಿಗಳ ಬಳಿಗೆ ಏಕೆ ಕಳುಹಿಸಬಾರದು ಎಂಬುದು ಅವರ ಪ್ರಶ್ನೆ. ಉಸ್ತುವಾರಿಯ ಒಂದು ಸಣ್ಣ ಕ್ರಮವಿಧಿಯನ್ನು ಸಾಧನಕ್ಕೇ ರವಾನಿಸಿ, ಅಲ್ಲಿಯೇ ಅದನ್ನು ನಡೆಸುವುದು ಅವರ ಉಪಾಯ. ಸಂಚಾರಿ ದೂತ ಇದರ ಮುಂದಿನ ಹೆಜ್ಜೆ. ಇವನು ಒಂದೆಡೆಗೆ ಹೋಗಿ ನಿಲ್ಲುವವನಲ್ಲ. ಒಂದು ಯಂತ್ರದಲ್ಲಿ ಕೆಲಸ ಮಾಡುತ್ತಿದ್ದು, ನಡುವೆ ನಿಲ್ಲಿಸಿ, ತಾನು ಅಲ್ಲಿಯವರೆಗೆ ಕಂಡುಕೊಂಡದ್ದನ್ನೆಲ್ಲ ಗಂಟು ಕಟ್ಟಿಕೊಂಡು, ಮುಂದಿನ ಯಂತ್ರಕ್ಕೆ ಹೋಗಿ, ಬಿಟ್ಟ ಕಡೆಯಿಂದ ಮುಂದುವರಿಸುತ್ತಾನೆ. ಕಡತವೊಂದು ಊರಿಂದೂರಿಗೆ ಹೋಗುವುದಕ್ಕೂ, ಕಡತವನ್ನು ಓದಬಲ್ಲವನೇ ಹೋಗುವುದಕ್ಕೂ ಇರುವ ಅಂತರ ಇದು. ಉಪಗ್ರಹದ ದೃಷ್ಟಾಂತದಲ್ಲಿ ಅವನು ಹಾದಿಯನ್ನು ದಾಟುವುದು ಎರಡೇ ಸಲ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಡುವಿನ ಸಾವಿರ ಪ್ರಶ್ನೆಗಳೂ ಆಚೆಯ ದಡದಲ್ಲಿಯೇ ಮುಗಿಯುತ್ತವೆ. ಹಾದಿ ಕಡಿದುಬಿದ್ದರೂ ಅವನ ಕೆಲಸ ನಿಲ್ಲದು.

ನಮ್ಮ ಪ್ರಾಚೀನರು ದೂತರ ವಿಚಾರವನ್ನು ಬಹಳ ಎಚ್ಚರದಿಂದ ಯೋಚಿಸಿದ್ದರು. ಕೌಟಿಲ್ಯನ ಅರ್ಥಶಾಸ್ತ್ರ ಅವರಲ್ಲಿ ಮೂರು ತರಗತಿಗಳನ್ನು ಹೇಳುತ್ತದೆ. ಸಂದರ್ಭ ನೋಡಿ ತಾನೇ ನಿರ್ಣಯಿಸುವ ಪೂರ್ಣಾಧಿಕಾರ ಉಳ್ಳವನು ನಿಸೃಷ್ಟಾರ್ಥ. ಗೊತ್ತುಪಡಿಸಿದ ಎಲ್ಲೆಯೊಳಗೆ ವ್ಯವಹರಿಸುವವನು ಪರಿಮಿತಾರ್ಥ. ಓಲೆಯನ್ನು ತಲುಪಿಸಿ ಬರುವವನು ಶಾಸನಹರ. ಮೊದಲನೆಯವನಿಗೆ ಅಮಾತ್ಯನ ಸಕಲ ಗುಣಗಳೂ ಇರಬೇಕು, ಎರಡನೆಯವನಲ್ಲಿ ಕಾಲು ಭಾಗ ಕಡಿಮೆಯಿರಬಹುದು, ಮೂರನೆಯವನಲ್ಲಿ ಅರ್ಧ. ಯೋಗ್ಯತೆ ಎಷ್ಟೋ ಅಧಿಕಾರವೂ ಅಷ್ಟೇ ಎಂಬುದು ಇದರ ಅಂತರಾರ್ಥ. ನಮ್ಮ ಜಾಲದಲ್ಲಿ ಹರಿಯುವ ಸಾಮಾನ್ಯ ಓಲೆಗಳೆಲ್ಲ ಶಾಸನಹರರು. ಸಂಚಾರಿ ದೂತನನ್ನು ಕಳುಹಿಸುವಾಗ ನಾವು ಒಬ್ಬ ಪರಿಮಿತಾರ್ಥನನ್ನು, ಕೆಲವೊಮ್ಮೆ ತಿಳಿದೋ ತಿಳಿಯದೆಯೋ ನಿಸೃಷ್ಟಾರ್ಥನನ್ನೇ, ಬೇರೊಬ್ಬರ ಯಂತ್ರದೊಳಕ್ಕೆ ಬಿಡುತ್ತಿದ್ದೇವೆ. ಈ ವಿಷಯದ ಲಾಭವೂ ಅಪಾಯವೂ ಇಲ್ಲಿಯೇ ಇದೆ.

1990ರ ದಶಕ ಈ ದೂತರ ಸುಗ್ಗಿಯ ಕಾಲ. 1994ರಲ್ಲಿ ಜನರಲ್ ಮ್ಯಾಜಿಕ್ ಎಂಬ ಕಂಪನಿ ಟೆಲಿಸ್ಕ್ರಿಪ್ಟ್ ಎಂಬ ಭಾಷೆಯನ್ನು ದೂತರಿಗಾಗಿಯೇ ಹೊರತಂದಿತು. ಅದರಲ್ಲಿ ದೂತ ಪ್ರಯಾಣ ಹೊರಡಬೇಕಾದರೆ ಎಲ್ಲಿಗೆ ಎಂದು ಹೇಳುವ ಒಂದು ಟಿಕೆಟ್ ಬೇಕು. ಎಷ್ಟು ಕಾಲ ಬದುಕಬಹುದು, ಏನನ್ನು ಎಷ್ಟು ವೆಚ್ಚ ಮಾಡಬಹುದು ಎಂದು ಎಲ್ಲೆ ಕಟ್ಟುವ ಒಂದು ರಹದಾರಿಯೂ ಬೇಕು. ಕೌಟಿಲ್ಯ ಮೆಚ್ಚಬಹುದಾದ ಏರ್ಪಾಡು. ಆದರೆ ಆ ಭಾಷೆಯನ್ನು ಆಧರಿಸಿ ಎಟಿ ಅಂಡ್ ಟಿ ಕಂಪನಿ ಅದೇ ವರ್ಷ ತೆರೆದ ಸೇವೆ 1996ರಲ್ಲಿ ಮುಚ್ಚಿಹೋಯಿತು. 1995ರಲ್ಲಿ ಜಾವಾ ಭಾಷೆ ಬಂದ ಮೇಲೆ ಐಬಿಎಂನ ಟೋಕಿಯೊ ಪ್ರಯೋಗಶಾಲೆಯವರು ‘ಆಗ್ಲೆಟ್’ ಎಂಬ ದೂತರನ್ನು ರಚಿಸಿದರು. ಕೆನಡಾದ ಆಟವ ನಗರದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಬೀಸ್ಚಾಡ್, ಪಾಗುರೆಕ್, ವೈಟ್ ಎಂಬ ವಿದ್ವಾಂಸರು ಜಾಲದ ನಕ್ಷೆ ತೆಗೆಯಲು, ದೋಷ ಹುಡುಕಲು, ಸಾಧನಗಳನ್ನು ಅಣಿಗೊಳಿಸಲು ಇಂಥ ದೂತರನ್ನು ಹೇಗೆ ಬಳಸಬಹುದೆಂದು ವಿವರಿಸಿ 1998ರಲ್ಲಿ ಒಂದು ಸಮೀಕ್ಷೆಯನ್ನು ಪ್ರಕಟಿಸಿದರು.

ಇಲ್ಲಿ ಒಂದು ಲೆಕ್ಕವನ್ನು ಮರೆಯಬಾರದು. ದೂತನಿಗೂ ತೂಕವಿದೆ. ಅವನ ಮೈ 10,000 ಅಕ್ಷರದ್ದೆಂದೂ ಒಂದು ಪ್ರಶ್ನೋತ್ತರ 200 ಅಕ್ಷರದ್ದೆಂದೂ ಇಟ್ಟುಕೊಳ್ಳೋಣ. ಒಂದು ಸಾಧನದಲ್ಲಿ ಐವತ್ತಕ್ಕಿಂತ ಕಡಿಮೆ ಪ್ರಶ್ನೆಗಳಿದ್ದರೆ ದೂತನನ್ನು ಕಳುಹಿಸುವುದೇ ದುಬಾರಿ. ಹೋದ ಹೋದಲ್ಲೆಲ್ಲ ಸಿಕ್ಕಿದ್ದನ್ನು ಗಂಟಿಗೆ ಸೇರಿಸಿಕೊಳ್ಳುತ್ತ ಹೋದರೆ ಅವನು ಕೊನೆಗೆ ಮದುವೆಯ ಮನೆಯಿಂದ ಹೊರಟ ನೆಂಟನಂತೆ ಹೆಜ್ಜೆ ಎತ್ತಿಡಲಾರ. ಅಂದಮೇಲೆ ಕಂಡದ್ದನ್ನೆಲ್ಲ ಹೊರದೆ, ಕಂಡಲ್ಲಿಯೇ ಸೋಸಿ, ಸಾರವನ್ನು ಮಾತ್ರ ಒಯ್ಯುವ ವಿವೇಕ ಅವನಲ್ಲಿರಬೇಕು. ವಿವೇಕವಿಲ್ಲದ ದೂತನಿಗಿಂತ ಓಲೆಯೇ ವಾಸಿ.

ವಿವೇಕ ಒಬ್ಬೊಬ್ಬನಲ್ಲಿಯೂ ಇರಲೇಬೇಕೆ? ಈ ಪ್ರಶ್ನೆಗೆ ಇರುವೆಗಳಿಂದ ಒಂದು ಸುಂದರವಾದ ಉತ್ತರ ದೊರೆಯಿತು. ಬ್ರಸೆಲ್ಸಿನ ವಿಜ್ಞಾನಿಗಳು ಅರ್ಜೆಂಟೈನಾ ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಉದ್ದದ್ದೊಂದು ಗಿಡ್ಡದ್ದೊಂದು ಎರಡು ಸೇತುವೆಗಳನ್ನು ಇಟ್ಟು ನೋಡಿ 1989ರಲ್ಲಿ ವರದಿ ಮಾಡಿದರು. ಗಿಡ್ಡ ಹಾದಿ ಹಿಡಿದ ಇರುವೆಗಳು ಬೇಗ ಹಿಂದಿರುಗುವುದರಿಂದ ಅಲ್ಲಿ ವಾಸನೆಯ ಗುರುತು ಬೇಗ ದಟ್ಟವಾಗುತ್ತದೆ. ದಟ್ಟ ವಾಸನೆಗೆ ಇನ್ನಷ್ಟು ಇರುವೆಗಳು ಸೇರುತ್ತವೆ. ಯಾವ ಇರುವೆಗೂ ನಕ್ಷೆ ತಿಳಿಯದು, ಸಾಲಿಗೆ ಮಾತ್ರ ತಿಳಿಯುತ್ತದೆ. ಇದನ್ನು ಗಣಿತಕ್ಕೆ ಅಳವಡಿಸಿ ಮಾರ್ಕೊ ದೊರಿಗೊ 1992ರಲ್ಲಿ ಮಿಲಾನಿನಲ್ಲಿ ತಮ್ಮ ಮಹಾಪ್ರಬಂಧವನ್ನು ಬರೆದರು. 1998ರಲ್ಲಿ ಅವರೂ ಜಾನಿ ದಿ ಕಾರೊ ಅವರೂ ‘ಆಂಟ್‌ನೆಟ್’ ಎಂಬ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಪುಟ್ಟ ದೂತರು ಜಾಲದ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುತ್ತ, ಯಾವ ಹಾದಿಯಲ್ಲಿ ಎಷ್ಟು ಹೊತ್ತು ಹಿಡಿಯಿತೆಂದು ನೆನಪಿಟ್ಟುಕೊಂಡು, ಅದೇ ಹಾದಿಯಲ್ಲಿ ಹಿಂದಿರುಗುವಾಗ ಪ್ರತಿ ಕವಲಿನಲ್ಲಿಯೂ ಮುಂದಿನವರಿಗಾಗಿ ಗುರುತು ತಿದ್ದಿ ಬರುತ್ತಾರೆ. ದಟ್ಟಣೆಯಾದ ದಾರಿಯ ಗುರುತು ಮಾಸುತ್ತದೆ, ಸಲೀಸಾದ ದಾರಿಯದು ಉಜ್ವಲವಾಗುತ್ತದೆ. ಗಣಕದಲ್ಲಿ ಕಟ್ಟಿದ ಅಣಕು ಜಾಲಗಳ ಮೇಲೆ ಅದು ಆಗಿನ ಹೆಸರಾಂತ ವಿಧಾನಗಳಿಗಿಂತ ಚೆನ್ನಾಗಿ ನಡೆಯಿತು.

ಇಷ್ಟು ಚೆಲುವಾದ ವಿಚಾರ ಜಗತ್ತನ್ನು ಏಕೆ ಗೆಲ್ಲಲಿಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಅದರ ಪೂರ್ವಚರಿತ್ರೆಯಲ್ಲಿಯೇ ಇದೆ. ಯಂತ್ರದಿಂದ ಯಂತ್ರಕ್ಕೆ ತಾನೇ ನಡೆದ ಮೊದಲ ಕ್ರಮವಿಧಿಯೆಂದು ಹೆಸರಾದದ್ದು 1971ರಲ್ಲಿ ಬಾಬ್ ಥಾಮಸ್ ಬರೆದ ‘ಕ್ರೀಪರ್’. ಸಾಧ್ಯವಾದರೆ ನನ್ನನ್ನು ಹಿಡಿಯಿರಿ ಎಂದು ಸವಾಲು ಹಾಕುತ್ತ ಅರ್ಪಾನೆಟ್ಟಿನ ಯಂತ್ರಗಳಲ್ಲಿ ಅದು ತಿರುಗಿತು. ಅದನ್ನು ಹಿಡಿದಳಿಸಲು ‘ರೀಪರ್’ ಎಂಬ ಇನ್ನೊಂದನ್ನು ಬರೆಯಬೇಕಾಯಿತು. 1982ರಲ್ಲಿ ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದ ಜೆರಾಕ್ಸ್ ಸಂಶೋಧನಾಲಯದ ಜಾನ್ ಶೋಖ್ ಮತ್ತು ಜಾನ್ ಹಪ್ ಅವರು ತಾವು ಸಾಕಿದ ‘ಹುಳು’ಗಳ ಕಥೆಯನ್ನು ಪ್ರಕಟಿಸಿದರು. ಬಿಡುವಾಗಿರುವ ಯಂತ್ರಗಳನ್ನು ಹುಡುಕಿ ಹರಡಿಕೊಂಡು, ಜಾಲವನ್ನು ಪರೀಕ್ಷಿಸುವಂಥ ಉಪಯುಕ್ತ ಕೆಲಸಗಳನ್ನು ಅವು ಮಾಡಬೇಕಾಗಿತ್ತು. ಒಂದು ರಾತ್ರಿ ಒಂದು ಪುಟ್ಟ ಹುಳುವನ್ನು ಓಡಲು ಬಿಟ್ಟು ಅವರು ಮನೆಗೆ ಹೋದರು. ಬೆಳಗ್ಗೆ ನೋಡಿದರೆ ಎಲ್ಲೆಡೆ ಯಂತ್ರಗಳು ಸತ್ತು ಬಿದ್ದಿದ್ದವು. ಹುಳುವಿನ ಒಂದು ಪ್ರತಿ ಹೇಗೋ ಕೆಟ್ಟುಹೋಗಿ, ಹೊಕ್ಕ ಯಂತ್ರವನ್ನೆಲ್ಲ ಕೆಡವುತ್ತಿತ್ತು. ಎಬ್ಬಿಸಿದ ಯಂತ್ರವನ್ನು ಮತ್ತೆ ಹೊಕ್ಕು ಮತ್ತೆ ಕೆಡವುತ್ತಿತ್ತು. ಅದೃಷ್ಟವಶಾತ್ ‘ಇದ್ದಲ್ಲೇ ನಿಲ್ಲು’ ಎಂಬ ಒಂದು ಆಜ್ಞೆಯನ್ನು ಅವರು ಮೊದಲೇ ಸಿದ್ಧವಾಗಿ ಇಟ್ಟಿದ್ದರು. ಅದನ್ನು ಜಾಲಕ್ಕೆ ಬಿಟ್ಟ ಮೇಲೆ ಹುಳು ಅಡಗಿತು; ಕಟ್ಟಡದ ತುಂಬ ನಿರ್ಜೀವವಾಗಿ ಉಳಿದ ಯಂತ್ರಗಳು ನೂರು.

ಆ ಆಜ್ಞೆ ಇಲ್ಲದೆ ಹೋದರೆ ಏನಾಗುತ್ತದೆಂಬುದನ್ನು 1988ರ ನವೆಂಬರ್ 2 ತೋರಿಸಿತು. ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳು ಆಗಿನ ಅಂತರಜಾಲದ ಸುಮಾರು 60,000 ಯಂತ್ರಗಳಲ್ಲಿ 6,000ವನ್ನು ಹಿಡಿದುಕೊಂಡಿತೆಂದು ಅಂದಾಜು. ಅದಕ್ಕೂ ಹೆಚ್ಚು ಕಲಿಸತಕ್ಕದ್ದು 2003ರ ಆಗಸ್ಟ್ ತಿಂಗಳ ಪ್ರಸಂಗ. ಬ್ಲಾಸ್ಟರ್ ಎಂಬ ದುಷ್ಟ ಹುಳು ಲೋಕವನ್ನು ಕಾಡುತ್ತಿದ್ದಾಗ ಅನಾಮಿಕನೊಬ್ಬ ನಾಚಿ ಎಂಬ ಇನ್ನೊಂದನ್ನು ಬಿಟ್ಟ. ಅದು ಮನೆಮನೆಗೂ ಹೊಕ್ಕು ಬ್ಲಾಸ್ಟರನ್ನು ಅಳಿಸಿ, ಅದು ಬಂದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ತಂದು ಹಾಕಿ, ಮುಂದಿನ ಮನೆಗೆ ಹೊರಡುತ್ತಿತ್ತು. 2004 ಹುಟ್ಟಿದೊಡನೆ ತನ್ನನ್ನು ತಾನೇ ಅಳಿಸಿಕೊಳ್ಳುವ ಏರ್ಪಾಡೂ ಅದರಲ್ಲಿತ್ತು. ಉದ್ದೇಶ ಪರೋಪಕಾರವೇ ಇದ್ದೀತು. ಆದರೆ ಮುಂದಿನ ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಅದು ಬಾಗಿಲು ಬಡಿಯುತ್ತ ಹೋದ ಸದ್ದಿಗೇ ಎಷ್ಟೋ ಜಾಲಗಳು ಉಸಿರುಕಟ್ಟಿ ನಿಂತವು. ಕರೆಯದೆ ಬಂದು ಮದ್ದು ಕುಡಿಸುವ ವೈದ್ಯನೂ ಕಳ್ಳನಂತೆಯೇ ಗೋಡೆ ಹಾರಿ ಬಂದವನು ತಾನೆ?

ಹೀಗಾಗಿ ಯಂತ್ರದ ಒಡೆಯನಿಗೆ ಬಂದ ದೂತನಲ್ಲಿ ಸಂಶಯ ಹುಟ್ಟುವುದು ಸಹಜ. ಅಶೋಕವನದಲ್ಲಿ ಸೀತೆಗೂ ಇದೇ ಸಂಶಯ ಬಂದಿತ್ತು. ಎದುರಿಗಿರುವ ಕಪಿ ರಾವಣನ ಮಾಯಾರೂಪವೋ ಏನೋ ಎಂದು. ರಾಮನ ಮುದ್ರೆಯುಂಗುರ ಅದನ್ನು ಕಳೆಯಿತು. ಗಣಕದಲ್ಲಿ ಈ ಉಂಗುರದ ಕೆಲಸವನ್ನು ಗೂಢಲಿಪಿಯ ಸಹಿ ಮಾಡುತ್ತದೆ. ಹಿಂದಿರುಗಿದ ದೂತ ನಿಜವಾಗಿ ಹೋಗಿ ಬಂದನೆಂಬುದಕ್ಕೂ ಗುರುತು ಬೇಕು, ಚೂಡಾಮಣಿ ಅದಕ್ಕಾಗಿಯೇ. ಆದರೆ ಮೂರನೆಯದೊಂದು ಕಷ್ಟವಿದೆ, ಅದು ರಾವಣನ ಸಭೆಯದು. ಹೊಕ್ಕ ಯಂತ್ರವೇ ದುಷ್ಟವಾಗಿದ್ದರೆ ದೂತನ ಗತಿಯೇನು? ಅದು ಅವನ ಮೈಯೊಳಗಿನ ಗುಟ್ಟನ್ನೆಲ್ಲ ಓದಬಲ್ಲದು, ಅವನ ಮನಸ್ಸನ್ನು ತಿದ್ದಬಲ್ಲದು, ಸುಳ್ಳು ಸುದ್ದಿ ಕೊಟ್ಟು ಕಳುಹಿಸಬಲ್ಲದು. ದೂತನನ್ನು ಕೊಲ್ಲಬಾರದೆಂದು ಲಂಕೆಯಲ್ಲಿ ಹೇಳಲು ಒಬ್ಬ ವಿಭೀಷಣನಾದರೂ ಇದ್ದ. ತನ್ನೊಳಗೆ ಏನಿದೆಯೆಂದು ಆತಿಥೇಯನಿಗೆ ತಿಳಿಯದಂತೆಯೇ ಅವನ ಮನೆಯಲ್ಲಿ ಲೆಕ್ಕ ಮಾಡುವ ದೂತನನ್ನು ಕಟ್ಟಬಹುದೇ ಎಂದು ಸ್ಯಾಂಡರ್ ಮತ್ತು ಚೂದಿನ್ ಎಂಬವರು 1998ರಲ್ಲಿ ವಿಚಾರ ನಡೆಸಿದರು. 2009ರಲ್ಲಿ ಕ್ರೇಗ್ ಜೆಂಟ್ರಿ ಅದರ ಸಮೀಪದ ಒಂದು ಮಹತ್ತರ ಪ್ರಮೇಯವನ್ನು ಸಾಧಿಸಿದರು. ಮುಚ್ಚಿದ ಅಂಕಿಗಳನ್ನು ಬಿಚ್ಚದೆಯೇ ಅವುಗಳ ಮೇಲೆ ಬೇಕಾದ ಲೆಕ್ಕವನ್ನು ಮಾಡಬಹುದೆಂದು ಅದು ತೋರಿಸುತ್ತದೆ. ಆದರೆ ಅದಕ್ಕೆ ತಗಲುವ ಶ್ರಮ ದಿನಬಳಕೆಯ ದೂತನಿಗೆ ಭಾರವೇ.

ಇತ್ತ ತಂತಿಗಳೂ ಅಗಲವಾದವು. ಲಕ್ಷ ಓಲೆಗಳ ಹೊರೆ ಮೊದಲಿನಷ್ಟು ಕಾಡದಾಯಿತು. ಅಲೆದಾಡುವ ದೂತ ಪಾಠಪುಸ್ತಕಗಳಿಗೆ ಸರಿದ. ಆದರೂ ಅವನು ಸತ್ತನೆನ್ನಲಾರೆ; ಚಿಕ್ಕವನಾಗಿ, ಶಿಸ್ತುಗಾರನಾಗಿ ಬದುಕಿದ್ದಾನೆ. ಲಿನಕ್ಸ್ ವ್ಯವಸ್ಥೆಗೆ 2014ರಲ್ಲಿ ಇ-ಬಿಪಿಎಫ್ ಎಂಬ ಸೌಲಭ್ಯ ಬಂದಿತು. ಉಸ್ತುವಾರಿಯ ಪುಟ್ಟ ಕ್ರಮವಿಧಿಯನ್ನು ಯಂತ್ರದ ಗರ್ಭಗುಡಿಗೇ ಕಳುಹಿಸಬಹುದು. ಆದರೆ ಬಾಗಿಲಲ್ಲಿ ಒಬ್ಬ ಪರೀಕ್ಷಕನಿದ್ದಾನೆ. ಈ ಕ್ರಮವಿಧಿ ಕೊನೆಗೊಳ್ಳುತ್ತದೆ, ಮುಟ್ಟಬಾರದ್ದನ್ನು ಮುಟ್ಟುವುದಿಲ್ಲ ಎಂದು ಅವನಿಗೆ ಮನವರಿಕೆಯಾಗದೆ ಒಳಗೆ ಪ್ರವೇಶವಿಲ್ಲ. ಇನ್ನು ಕೆಲವು ಜಾಲಗಳಲ್ಲಿ ಹರಿಯುವ ಓಲೆಗಳೇ ತಾವು ದಾಟಿದ ಪ್ರತಿ ಕವಲಿನಲ್ಲಿ ಎಷ್ಟು ಹೊತ್ತು ಕಾದೆವೆಂದು ಬೆನ್ನ ಮೇಲೆ ಬರೆಸಿಕೊಂಡು ಬರುತ್ತವೆ. ಆಂಟ್‌ನೆಟ್ಟಿನ ಇರುವೆಗೆ ಅವು ಹತ್ತಿರದ ಬಂಧುಗಳೆನ್ನಬಹುದು.

ಕಾವಲಿನ ವ್ಯವಸ್ಥೆಯೇ ಕಾಯಬೇಕಾದುದನ್ನು ಕೆಡಿಸಿದ ಎರಡು ಘಟನೆಗಳನ್ನು ಹೇಳಿ ಮುಗಿಸುತ್ತೇನೆ. 1980ರ ಅಕ್ಟೋಬರ್ 27ರಂದು ಅರ್ಪಾನೆಟ್ ಪೂರ್ತಿಯಾಗಿ ಕೆಲವು ಗಂಟೆಗಳ ಕಾಲ ನಿಂತುಹೋಯಿತು. ಕವಲುಯಂತ್ರಗಳು ತಮ್ಮ ಕ್ಷೇಮಸಮಾಚಾರವನ್ನು ಕ್ರಮಸಂಖ್ಯೆ ಹಾಕಿ ಪರಸ್ಪರ ಹಂಚಿಕೊಳ್ಳುತ್ತಿದ್ದವು. ಹೊಸತು ಬಂದರೆ ಹಳೆಯದನ್ನು ಬಿಡುವುದು ನಿಯಮ. ಒಂದು ಯಂತ್ರದ ದೋಷದಿಂದ ಒಂದೇ ಸಮಾಚಾರ 8, 40, 44 ಎಂಬ ಮೂರು ಸಂಖ್ಯೆಗಳಲ್ಲಿ ಹೊರಟಿತು. ಸಂಖ್ಯೆಗಳು 63ರ ನಂತರ ಸೊನ್ನೆಗೆ ತಿರುಗುವ ವ್ಯವಸ್ಥೆಯಾದ್ದರಿಂದ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ ಮತ್ತೆ 8 ಹೊಸದು ಎಂದಾಯಿತು. ಮೂರೂ ಕೊನೆಯಿಲ್ಲದೆ ಸುತ್ತಿದವು. ಕ್ಷೇಮಸಮಾಚಾರದ ಭಾರಕ್ಕೇ ಕ್ಷೇಮ ಕೆಟ್ಟಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಕಂಪನಿಯ ಸೇವೆಗಳೆಲ್ಲ ಸುಮಾರು 6 ಗಂಟೆ ಕಾಲ ಅದೃಶ್ಯವಾದವು. ಬೆನ್ನೆಲುಬಿನ ಜಾಲದಲ್ಲಿ ಎಷ್ಟು ಅವಕಾಶವಿದೆಯೆಂದು ಅಳೆಯಲು ಕೊಟ್ಟ ಆಜ್ಞೆ ಆ ಜಾಲವನ್ನೇ ಕಡಿದುಹಾಕಿತು. ಅಂಥ ಆಜ್ಞೆಗಳನ್ನು ತಡೆಯಬೇಕಾದ ಪರೀಕ್ಷಕ ಕ್ರಮವಿಧಿಯಲ್ಲಿಯೂ ಒಂದು ಲೋಪವಿತ್ತು. ದುರಸ್ತಿಯ ಸಲಕರಣೆಗಳಿಗೂ ಅದೇ ಜಾಲ ಆಧಾರ. ಕೊನೆಗೆ ಎಂಜಿನಿಯರುಗಳು ಕಾಲ್ನಡೆಯಲ್ಲಿ ಯಂತ್ರಾಗಾರವನ್ನು ಹೊಕ್ಕು ಕೈಯಾರೆ ಸರಿಪಡಿಸಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಇಲ್ಲಿ ಬೇಲಿಗೆ ದುರುದ್ದೇಶವೇನೂ ಇರಲಿಲ್ಲವೆಂಬುದು ಇನ್ನೂ ಯೋಚಿಸತಕ್ಕದ್ದು.

ಈ ಮಾತುಗಳನ್ನು ಈಗ ಆಡಲು ಕಾರಣವಿದೆ. ‘ಏಜೆಂಟ್’ ಎಂಬ ಪದ ಈ ಕೆಲವು ವರ್ಷಗಳಲ್ಲಿ ಮತ್ತೆ ಎಲ್ಲರ ಬಾಯಲ್ಲಿದೆ. ಕೃತಕ ಬುದ್ಧಿಯ ಕ್ರಮವಿಧಿಗಳಿಗೆ ದೋಷವನ್ನು ಕಂಡುಹಿಡಿಯುವುದನ್ನಷ್ಟೇ ಅಲ್ಲ, ತಿದ್ದುವ ಅಧಿಕಾರವನ್ನೂ ಒಪ್ಪಿಸುವ ಪ್ರಯತ್ನಗಳು ನಡೆಯುತ್ತಿವೆ. ಅವುಗಳ ಜಾಣತನ ನಿಜ; ಮಧ್ಯರಾತ್ರಿ ಕಳಚಿದ ಕೊಂಡಿಯನ್ನು ಬೆಳಗಾಗುವುದರೊಳಗೆ ಕೂಡಿಸಿಟ್ಟರೆ, ಆಸ್ಪತ್ರೆಯ ಕಿಟಕಿಯಲ್ಲಿ ಸಾಲುಗಟ್ಟಿದವರಿಗೆ ಅದೇ ಉಪಕಾರ. ಆದರೆ ಜಾಣತನವೊಂದೇ ಅಧಿಕಾರಕ್ಕೆ ಅರ್ಹತೆಯಲ್ಲ. ದೂತನ ಕೈಯಲ್ಲಿ ಉಂಗುರವಿರಲಿ. ಅವನ ಆಯುಸ್ಸಿಗೂ ಅಧಿಕಾರಕ್ಕೂ ಎಲ್ಲೆಯಿರಲಿ. ಪಾಲೊ ಆಲ್ಟೊದವರಂತೆ ‘ನಿಲ್ಲು’ ಎಂಬ ಮಾತನ್ನು ಮೊದಲೇ ಸಿದ್ಧಪಡಿಸಿಟ್ಟಿರಲಿ. ಎಲ್ಲಕ್ಕೂ ಮಿಗಿಲಾಗಿ, ಆ ಮಾತು ಅವನಿಗೆ ತಲುಪುವ ಹಾದಿ ಅವನು ಕಾಯುತ್ತಿರುವ ಹಾದಿಯೇ ಆಗಿರದಿರಲಿ. ಹನುಮಂತ ಸೀತೆಯನ್ನು ಹುಡುಕಲು ಹೋದವನು, ಲಂಕೆಯನ್ನು ಸುಟ್ಟೂ ಬಂದ. ಅದು ಶತ್ರುವಿನ ಪಟ್ಟಣವಾಗಿತ್ತು, ಕಥೆ ಸುಖವಾಗಿ ಮುಂದುವರಿಯಿತು. ನಾವು ದೂತರನ್ನು ಕಳುಹಿಸುತ್ತಿರುವುದು ನಮ್ಮ ಊರಿನೊಳಕ್ಕೆ.